ನೀಲಗಿರಿ ತೋಪು ತೆಗೆದು ರಾಗಿ ಹಾಕುವ ಬಗ್ಗೆ

ಮಾನ್ಯರೇ, ಮಾಲೂರಿನ ನಿಮ್ಮ ಮೂರು ಎಕರೆ ನೀಲಗಿರಿಯನ್ನು ಈ ಸಲ ಕಡಿಸಿದ ಮೇಲೆ ಮತ್ತೆ ಚಿಗುರಲು ಬಿಡಬೇಕೇ, ಇಲ್ಲವೇ ಬೊಡ್ಡೆ ಕೀಳಿಸಿ ರಾಗಿ ಬಿತ್ತಬೇಕೇ ಎಂದು ಕೇಳಿದ್ದೀರಿ. ಬೊಡ್ಡೆ ಕೀಳಿಸಿ ಎಂಬುದೇ ನನ್ನ ಸಲಹೆ. ಆದರೆ ಮೊದಲ ವರ್ಷವೇ ರಾಗಿಯನ್ನು ನಂಬಿ ಕೂರಬೇಡಿ.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಿಂದ ಸಸಿ ಸಿಕ್ಕಿದ್ದರಿಂದಲೂ, ಕೂಲಿಯಾಳುಗಳ ತಾಪತ್ರಯ ತಪ್ಪುತ್ತದೆ ಎಂಬ ಕಾರಣದಿಂದಲೂ ಕೋಲಾರ ಸೀಮೆಯ ಎಷ್ಟೋ ರಾಗಿ ಹೊಲಗಳು ತೋಪುಗಳಾದವು. ಹಾಗೆ ನೆಟ್ಟವರನ್ನು ದೂರುವುದು ನ್ಯಾಯವಲ್ಲ. ಆದರೆ ಹೊಸಕೋಟೆಯ ಬಳಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೀಲಗಿರಿಯು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿದ್ದೂ, ಆಳಕ್ಕಿಳಿದ ಬೇರುಗಳು ಹಿಂದಿನಿಂದ ಮಣ್ಣಿನಲ್ಲಿ ಉಳಿದಿದ್ದ ತೇವವನ್ನೇ ಹೀರಿದ್ದೂ ಕಂಡುಬಂದಿತ್ತು. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ನಮ್ಮ ಎರಡು ಎಕರೆಯಲ್ಲಿ ಬೊಡ್ಡೆ ಕೀಳಿಸಿದ ವರ್ಷ, ಹದವಾದ ಮಳೆಯ ಮರುದಿನ ಸನಿಕೆಯಿಂದ ಅಗೆದು ನೋಡಿದಾಗ ಮೇಲಿನ ಗೇಣುದ್ದ ಮಣ್ಣು ಮಾತ್ರ ಒದ್ದೆಯಾಗಿತ್ತು. ಅದರ ಕೆಳಗೆ ಬೂದಿಯಂಥ ಧೂಳು, ನಡುನಡುವೆ ಕೂದಲಿನಂಥ ಒಣಬೇರು. ಅಂಥ ನೆಲ ಒಂದೇ ಮುಂಗಾರಿಗೆ ಸುಧಾರಿಸದು. ಜೆಸಿಬಿಯವರು ಗಂಟೆ ಲೆಕ್ಕದ ಅವಸರದಲ್ಲಿ ಅಡಿಮಣ್ಣನ್ನೇ ಮೇಲೆ ಹರಡಿ ಹೋಗಿದ್ದರಿಂದ ಆ ತಾಣಗಳಲ್ಲಿ ಎರಡು ವರ್ಷ ಪೈರು ಏಳಲಿಲ್ಲ. ಆದ್ದರಿಂದ ನೀವು ಎದುರಿಗೆ ನಿಂತೇ ಕೆಲಸ ಮಾಡಿಸಿ: ಬುಡದ ಸುತ್ತಲಿನ ಮೇಲ್ಮಣ್ಣನ್ನು ಮೊದಲು ಪಕ್ಕಕ್ಕೆ ಎಳೆಸಿ, ಬೊಡ್ಡೆ ಎತ್ತಿದ ಗುಂಡಿಗೆ ಅಡಿಮಣ್ಣನ್ನು ತುಂಬಿಸಿ, ಮೇಲ್ಮಣ್ಣನ್ನು ಕೊನೆಯಲ್ಲಿ ಹರಡಿಸಿ.

ಅದಾದ ಮೇಲೆ ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿಸಿ, ಮಣ್ಣು ಪರೀಕ್ಷೆ ಮಾಡಿಸಿ. ಮೊದಲ ಮಳೆಗಾಲಕ್ಕೆ ಹುರುಳಿ ಸಾಕು. ಅರ್ಧ ಹೊಲದ ಹುರುಳಿಯನ್ನು ಹೂವಿನ ಹಂತದಲ್ಲೇ ಉತ್ತು ಮಣ್ಣಿಗೆ ಸೇರಿಸಿ, ಉಳಿದರ್ಧವನ್ನು ಕಾಳಿಗೆ ಬಿಡಿ. ದನಗಳಿಗೆ ಹೊಟ್ಟಾದರೂ ಸಿಗುತ್ತದೆ.

ಎರಡನೆಯ ವರ್ಷ ಕೊಟ್ಟಿಗೆ ಗೊಬ್ಬರ ಹೊಡೆದು ರಾಗಿ ಬಿತ್ತಿ, ಆದರೆ ಬರಿ ರಾಗಿ ಬೇಡ. ನಮ್ಮ ಹಿರಿಯರು ರಾಗಿ ಸಾಲುಗಳ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಬಿಡುತ್ತಿದ್ದುದರಿಂದ ಮುದ್ದೆಯ ಜೊತೆಗೆ ಸಾರಿನ ಬೇಳೆಯೂ ಒಗ್ಗರಣೆಯ ಸಾಸಿವೆಯೂ ಅದೇ ಹೊಲದಿಂದ ಬರುತ್ತಿದ್ದವು. ಮಳೆ ಕೈಕೊಟ್ಟು ರಾಗಿ ಜೊಳ್ಳಾದ ವರ್ಷವೂ ಆಳದ ಬೇರಿನ ತೊಗರಿ ಏನಾದರೂ ಕೊಡುತ್ತಿತ್ತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತಿ, ಆ ಎರಡು ತೊಗರಿ ಸಾಲುಗಳ ನಡುವೆ ನೀರು ಇಂಗಲು ಒಂದು ಕಾಲುವೆ ತೆಗೆಯಿರಿ. ಜುಲೈ ಮುಗಿಯುವುದರೊಳಗೆ ಬಿತ್ತನೆಯಾಗುವುದಾದರೆ ಬೆಂಕಿ ರೋಗವನ್ನು ತಡೆದುಕೊಳ್ಳುವ ಜಿಪಿಯು-28 ರಾಗಿ ತಳಿ ಒಳ್ಳೆಯದು. ಮಳೆ ತಡವಾದರೆ ಅಲ್ಪಾವಧಿ ತಳಿಗೆ ಹೋಗಿ.

ನೀಲಗಿರಿಯಂತೆ ಒಮ್ಮೆಗೇ ಗಂಟು ಹಣ ರಾಗಿಯಿಂದ ಬರುವುದಿಲ್ಲ ಎಂಬ ನಿಮ್ಮ ಅಳುಕು ಸಹಜ. 2024-25ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಖರೀದಿ ಕೇಂದ್ರಕ್ಕೆ ಕೊಡಬೇಕೆಂದರೆ ಫ್ರೂಟ್ಸ್ ಐಡಿಯೂ (ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ) ಬೆಳೆ ಸಮೀಕ್ಷೆಯಲ್ಲಿ ರಾಗಿ ಎಂಬ ನಮೂದೂ ಸರಿಯಾಗಿರಲಿ. ಆದರೆ ಮನೆಗೆ ಎರಡು ವರ್ಷಕ್ಕಾಗುವಷ್ಟನ್ನು ಎತ್ತಿಟ್ಟ ಮೇಲೆಯೇ ಮಾರಿ. ಹಿಂದೆ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುತ್ತಿದ್ದ ಕಾಳು ಇದು. ಬರಗಾಲದಲ್ಲಿ ಊರನ್ನು ಸಾಕಿದ್ದು ಆ ಗುಣವೇ.

ಮೂರೂ ಎಕರೆಗೆ ಒಮ್ಮೆಗೇ ಖರ್ಚು ಮಾಡಲಾಗದಿದ್ದರೆ, ನೀರು ಬಂದು ನಿಲ್ಲುವ ತಗ್ಗಿನ ಒಂದು ಎಕರೆಯಿಂದ ಆರಂಭಿಸಿ. ಉಳಿಸಿಕೊಂಡ ತೋಪಿಗೂ ಹೊಸ ಹೊಲಕ್ಕೂ ನಡುವೆ ಮೂರು ಅಡಿ ಆಳದ ಕಂದಕ ತೆಗೆಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಆ ಮರಗಳ ಬೇರು ಬದುವಿನ ಕೆಳಗಿನಿಂದ ನಿಮ್ಮ ರಾಗಿಯ ನೀರಿಗೇ ಬರುತ್ತದೆ.