ಯೂಟಾ ಜಾಝ್ ಈ ಸಲವೂ ಸೋಲುತ್ತಾ? ಓದುಗರ ಪ್ರಶ್ನೆಗೆ ಉತ್ತರ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025–26ರ ಸೀಸನ್ ಅಕ್ಟೋಬರ್ 21ಕ್ಕೆ ಶುರು. ಲೇಕರ್ಸ್, ವಾರಿಯರ್ಸ್ ಬಗ್ಗೆ ಪ್ರಶ್ನೆ ಬರುವುದು ಮಾಮೂಲು. ಈ ಸಲ ಮಾತ್ರ ಯೂಟಾ ಜಾಝ್ ಬಗ್ಗೆ ಕೇಳಿದವರೇ ಜಾಸ್ತಿ. ಕಳೆದ ಸೀಸನ್‌ನಲ್ಲಿ 82 ಪಂದ್ಯ ಆಡಿ ಬರೀ 17 ಗೆದ್ದ ತಂಡ ಅದು. ತಂಡದ ಇತಿಹಾಸದಲ್ಲೇ ಅಷ್ಟು ಕೆಟ್ಟ ಸೀಸನ್ ಇರಲಿಲ್ಲ. ಸೋಲುವವರ ಪರ ನಿಲ್ಲೋದು ನಮ್ಮ ಕಡೆ ಜನರ ಸ್ವಭಾವವೋ ಏನೋ.

ಪ್ರಶ್ನೆ: ಸರ್, 1997 ಮತ್ತು 1998ರಲ್ಲಿ ಜಾಝ್ ಫೈನಲ್‌ಗೆ ಬಂದು ಶಿಕಾಗೊ ಬುಲ್ಸ್ ಕೈಯಲ್ಲಿ ಸೋತಾಗ ನಾನು ಕಾಲೇಜಿನಲ್ಲಿದ್ದೆ. ಸ್ಟಾಕ್‌ಟನ್, ಮಲೋನ್ ಅಂದ್ರೆ ಪ್ರಾಣ. ಈ ವರ್ಷ ತಂಡ ಎಷ್ಟು ಪಂದ್ಯ ಗೆಲ್ಲಬಹುದು? ಸುಮ್ನೆ ಸಮಾಧಾನ ಹೇಳಬೇಡಿ. — ಒಬ್ಬ ಓದುಗರು, ಕಲಬುರಗಿ

ಸಮಾಧಾನ ಹೇಳುವಂಥದ್ದು ಏನೂ ಇಲ್ಲ ಬಿಡಿ. 20ರ ಆಸುಪಾಸು ಅನ್ನೋದು ನನ್ನ ಲೆಕ್ಕ. 25 ದಾಟಿದರೆ ನನಗೇ ಆಶ್ಚರ್ಯ.

ಬೇಸಿಗೆಯಲ್ಲಿ ಯಾರು ಹೋದರು, ಯಾರು ಬಂದರು ನೋಡಿ. ಕಾಲಿನ್ ಸೆಕ್ಸ್‌ಟನ್, ಜಾನ್ ಕಾಲಿನ್ಸ್, ಜೋರ್ಡನ್ ಕ್ಲಾರ್ಕ್‌ಸನ್ ಮೂವರೂ ಹೋದರು. ಕಳೆದ ಸಲ ಪಂದ್ಯಕ್ಕೆ ತಲಾ 15ಕ್ಕಿಂತ ಜಾಸ್ತಿ ಅಂಕ ತರುತ್ತಿದ್ದವರು ಇವರು. ಬಂದವರು ಯೂಸುಫ್ ನುರ್ಕಿಚ್, ಕೈಲ್ ಆ್ಯಂಡರ್‌ಸನ್ ಮತ್ತು 37 ವರ್ಷದ ಕೆವಿನ್ ಲವ್. ಗೆಲ್ಲಬೇಕು ಅಂತ ಹೊರಟವರು ಮಾಡುವ ವ್ಯವಹಾರ ಅಲ್ಲ ಇದು.

ಇದರ ಹಿಂದೆ ಒಂದು ಹಳೇ ಸಾಲ ಇದೆ. 2021ರಲ್ಲಿ ಸಂಬಳದ ಭಾರ ಇಳಿಸಿಕೊಳ್ಳಲು ಜಾಝ್ ತಂಡ ಡೆರಿಕ್ ಫೇವರ್ಸ್‌ನನ್ನು ಒಕ್ಲಹೋಮ ಸಿಟಿ ಥಂಡರ್‌ಗೆ ಕಳಿಸಿತು. ಜೊತೆಗೆ ಮುಂದೆ ಯಾವುದಾದರೊಂದು ವರ್ಷದ ಮೊದಲ ಸುತ್ತಿನ ಪಿಕ್, ಅಂದರೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿನ ತನ್ನ ಸರದಿಯನ್ನೂ ಬರೆದುಕೊಟ್ಟಿತು. ಬಿತ್ತೋಕೆ ಮೊದಲೇ ತೊಗರಿಯನ್ನು ಅಡತಿ ಅಂಗಡಿಗೆ ಬರೆದುಕೊಟ್ಟ ಹಾಗೆ. ಆದರೆ ಒಂದು ಷರತ್ತು ಇತ್ತು. 2026ರ ಪಿಕ್ ಮೊದಲ ಎಂಟರೊಳಗೆ ಬಂದರೆ ಅದು ಜಾಝ್‌ಗೇ ಉಳಿಯುತ್ತದೆ, ಸಾಲವೂ ಅಲ್ಲಿಗೆ ವಜಾ. ಒಂಬತ್ತನೆಯದೋ ಅದಕ್ಕೂ ಆಚೆಯದೋ ಆದರೆ ಥಂಡರ್ ಪಾಲು. ಆ ಥಂಡರ್ ಯಾರು ಗೊತ್ತಲ್ಲ? ಕಳೆದ ಸೀಸನ್‌ನಲ್ಲಿ 68 ಪಂದ್ಯ ಗೆದ್ದು ಚಾಂಪಿಯನ್ ಆದವರು.

ಡ್ರಾಫ್ಟ್‌ನಲ್ಲಿ ಹೆಚ್ಚು ಸೋತವರಿಗೆ ಮೊದಲು ಆರಿಸುವ ಅವಕಾಶ ಜಾಸ್ತಿ. ಲಾಟರಿ ಎತ್ತುವುದು ಮೊದಲ ನಾಲ್ಕು ಪಿಕ್‌ಗೆ ಮಾತ್ರ. ಉಳಿದದ್ದು ಸೋಲಿನ ಕ್ರಮದಲ್ಲಿ ಬರುತ್ತದೆ. ಆದ್ದರಿಂದ ಒಂದು ತಂಡ ತನ್ನ ಜಾಗದಿಂದ ಹೆಚ್ಚೆಂದರೆ ನಾಲ್ಕು ಮೆಟ್ಟಿಲು ಇಳಿಯಬಹುದು. ಕೊನೆಯಿಂದ ನಾಲ್ಕನೆಯವರಾಗಿ ಮುಗಿಸಿದರೂ ಎಂಟನೇ ಪಿಕ್ ಗ್ಯಾರಂಟಿ. ಕೊನೆಯಿಂದ ಐದನೆಯವರಾದರೆ ಅಪಾಯ ಶುರು. ಜನವರಿ, ಫೆಬ್ರವರಿ ಹೊತ್ತಿಗೆ ತಂಡ ಏನಾದರೂ ಚೆನ್ನಾಗಿ ಆಡತೊಡಗಿದರೆ ಇನ್ನೊಬ್ಬ ಅನುಭವಿ ಆಟಗಾರ ಮಾರಾಟ ಆಗುತ್ತಾನೆ ಅಂತಲೇ ತಿಳಿಯಿರಿ.

ಪ್ರಶ್ನೆ: ಹಾಗಾದ್ರೆ ಬೇಕಂತಲೇ ಸೋಲ್ತಾರಾ ಸರ್? ದುಡ್ಡು ಕೊಟ್ಟು ನೋಡೋರಿಗೆ ಇದು ಮೋಸ ಅಲ್ವಾ? — ಪದವಿ ವಿದ್ಯಾರ್ಥಿ, ಬೀದರ್

ಅಂಗಳದಲ್ಲಿ ಇರುವ ಹುಡುಗರು ಬೇಕಂತ ಸೋಲುವುದಿಲ್ಲ. ಅವರಿಗೆ ಮುಂದಿನ ಗುತ್ತಿಗೆ ಸಿಗಬೇಕಾದರೆ ಚೆನ್ನಾಗಿ ಆಡಲೇಬೇಕು. ಆಟ ನಡೆಯುವುದು ಆಫೀಸಿನಲ್ಲಿ. ಯಾರನ್ನು ಕಳಿಸಬೇಕು, ಯಾರಿಗೆ ವಿಶ್ರಾಂತಿ, ಸಣ್ಣ ನೋವಿದ್ದ ಸ್ಟಾರ್ ಎಷ್ಟು ದಿನ ಕೂರಬೇಕು ಅನ್ನೋದನ್ನೆಲ್ಲ ಅಲ್ಲಿ ತೀರ್ಮಾನಿಸುತ್ತಾರೆ. ಕಳೆದ ಸೀಸನ್‌ನಲ್ಲಿ ತಂಡದ ಸ್ಟಾರ್ ಲೌರಿ ಮಾರ್ಕನೆನ್ ಆಡಿದ್ದು 47 ಪಂದ್ಯ ಮಾತ್ರ. ಸ್ಟಾರ್ ಆಟಗಾರರನ್ನು ಕೂರಿಸುವುದರ ವಿರುದ್ಧ ಇರುವ ನಿಯಮ ಮುರಿದಿದ್ದಕ್ಕೆ ಲೀಗ್ ಮಾರ್ಚ್‌ನಲ್ಲಿ ಜಾಝ್‌ಗೆ 1 ಲಕ್ಷ ಡಾಲರ್ ದಂಡ ಹಾಕಿತು. ಮಾರ್ಕನೆನ್‌ನ ಐದು ವರ್ಷದ ಗುತ್ತಿಗೆಯೇ ಸುಮಾರು 23.8 ಕೋಟಿ ಡಾಲರ್. ಅದರ ಮುಂದೆ ಈ ದಂಡ ಯಾವ ಲೆಕ್ಕ!

ಮೋಸ ಅನ್ನೋದಕ್ಕಿಂತ ಇದು ದಡ್ಡ ಜೂಜು ಅಂತ ನನಗನಿಸುತ್ತದೆ. 2019ರಿಂದ ನಿಯಮ ಬದಲಾಗಿದೆ. ಕೊನೆಯ ಮೂರು ತಂಡಗಳಿಗೂ ಮೊದಲ ಪಿಕ್ ಸಿಗುವ ಅವಕಾಶ ತಲಾ ಶೇ 14. ಎಲ್ಲರಿಗಿಂತ ಕೆಳಗಿದ್ದವರು ಐದನೇ ಪಿಕ್‌ಗೆ ಜಾರುವ ಸಾಧ್ಯತೆ ಶೇ 47.9. 2025ರ ಮೇ ತಿಂಗಳಲ್ಲಿ ಆಗಿದ್ದೂ ಅದೇ. ಎಲ್ಲರಿಗಿಂತ ಜಾಸ್ತಿ ಸೋತ ಜಾಝ್‌ಗೆ ಸಿಕ್ಕಿದ್ದು ಐದನೆಯದು. 39 ಪಂದ್ಯ ಗೆದ್ದ ಡಲ್ಲಾಸ್‌ಗೆ ಇದ್ದ ಅವಕಾಶ ಶೇ 1.8. ಮೊದಲ ಪಿಕ್ ಅವರಿಗೆ ಹೊಡೆಯಿತು, ಕೂಪರ್ ಫ್ಲ್ಯಾಗ್ ಅಲ್ಲಿಗೆ ಹೋದ.

ಸೋಲು ತಂಡ ಕಟ್ಟುವುದಿಲ್ಲ ಅನ್ನೋದಕ್ಕೆ ಥಂಡರ್ ಕಥೆಯನ್ನೇ ತಗೊಳ್ಳಿ. ಅವರು 2021–22ರಲ್ಲಿ 24 ಪಂದ್ಯ ಗೆದ್ದಿದ್ದರು, ಮೂರೇ ವರ್ಷಕ್ಕೆ ಕಪ್ ಎತ್ತಿದರು. ಆದರೆ ಶೈ ಗಿಲ್ಜಸ್ ಅಲೆಕ್ಸಾಂಡರ್ ಲಾಟರಿಯಲ್ಲಿ ಸಿಕ್ಕವನಲ್ಲ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ತಂದವನು. ಜೇಲನ್ ವಿಲಿಯಮ್ಸ್ ಅದೇ ವ್ಯವಹಾರದಲ್ಲಿ ಬಂದ 12ನೇ ಪಿಕ್. ತಂಡ ಪಾತಾಳಕ್ಕೆ ಬೀಳುವ ಮೊದಲೇ ಯಾರ ಸುತ್ತ ಕಟ್ಟಬೇಕೋ ಆ ಆಟಗಾರ ಅವರ ಕೈಯಲ್ಲಿದ್ದ. ಜಾಝ್‌ಗೆ ಇನ್ನೂ ಅಂಥ ಆಟಗಾರ ಸಿಕ್ಕಿಲ್ಲ. 2022ರಲ್ಲಿ ತಂಡದ ಸ್ಟಾರ್‌ಗಳಾದ ಡೊನೊವನ್ ಮಿಚೆಲ್, ರೂಡಿ ಗೋಬೇರ್ ಇಬ್ಬರನ್ನೂ ಮಾರಿದರು. ಆಮೇಲೆ 37 ಗೆಲುವು, ಆಮೇಲೆ 31. ಪೂರ್ತಿ ಬೀಳಲೂ ಇಲ್ಲ, ಏಳಲೂ ಇಲ್ಲ. ಸಿಕ್ಕಿದ್ದು 9ನೇ ಪಿಕ್, 10ನೇ ಪಿಕ್. ನನ್ನ ದೂರು ಆ ಎರಡು ವರ್ಷಗಳ ಮೇಲೆ. ಈ ವರ್ಷ ಅದರ ಬಡ್ಡಿ ಕಟ್ಟುತ್ತಿದ್ದಾರೆ.

ಪ್ರಶ್ನೆ: ಐದನೇ ಪಿಕ್ ಏಸ್ ಬೈಲಿ ಆ ಆಟಗಾರ ಆಗಬಹುದಾ? ಮಾರ್ಕನೆನ್‌ನನ್ನು ಮಾರಬೇಕಾ? — ಇಬ್ಬರು ಓದುಗರು, ಕಲಬುರಗಿ

ಬೈಲಿ ಎತ್ತರದ ಹುಡುಗ, ಮೈಮೇಲೆ ಬಿದ್ದವರ ತಲೆ ಮೇಲಿಂದಲೇ ಶಾಟ್ ಹೊಡೆಯುತ್ತಾನೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಪಂದ್ಯಕ್ಕೆ 17.6 ಅಂಕ, 7.2 ರಿಬೌಂಡ್ (ಗುರಿ ತಪ್ಪಿದ ಶಾಟಿನ ಚೆಂಡು ಹಿಡಿಯೋದು). ಅಸಿಸ್ಟ್, ಅಂದರೆ ಜೊತೆಗಾರನ ಅಂಕಕ್ಕೆ ದಾರಿ ಮಾಡುವ ಪಾಸ್, ಮಾತ್ರ 1.3. ನನಗೆ ಚಿಂತೆ ಇರೋದು ಅದೊಂದೇ. ಇಬ್ಬರು ಬಂದು ಮುತ್ತಿದಾಗಲೂ ಕಷ್ಟದ ಶಾಟನ್ನೇ ಆರಿಸಿಕೊಳ್ಳುತ್ತಾನೆ, ಖಾಲಿ ನಿಂತ ಜೊತೆಗಾರ ಕಾಣುವುದಿಲ್ಲ. ಡ್ರಾಫ್ಟ್‌ಗೆ ಮೊದಲು ಯಾವ ತಂಡದ ಟ್ರಯಲ್‌ಗೂ ಹೋಗದೆ ಹೆಸರು ಕೆಡಿಸಿಕೊಂಡ, ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಮೊದಲ ವರ್ಷ ಅವನ ಅಂಕ ಎಣಿಸಬೇಡಿ. ಚೆಂಡು ಕೈಗೆ ಬಂದ ಮೇಲೆ ಎಷ್ಟು ಬೇಗ ತೀರ್ಮಾನಿಸುತ್ತಾನೆ ನೋಡಿ.

ಮಾರ್ಕನೆನ್ ಬಗ್ಗೆ ಹೇಳುವುದಾದರೆ, ಯುರೋಪಿನ ದೇಶಗಳ ಟೂರ್ನಿ ಯೂರೋಬಾಸ್ಕೆಟ್‌ನಲ್ಲಿ ತನ್ನ ದೇಶ ಫಿನ್‌ಲ್ಯಾಂಡನ್ನು ನಾಲ್ಕನೇ ಸ್ಥಾನದ ತನಕ ಎಳೆದು ತಂದು ಬಂದಿದ್ದಾನೆ, ಒಳ್ಳೇ ಲಯದಲ್ಲಿದ್ದಾನೆ. ಬೆಲೆ ಇರುವುದು ಈಗಲೇ. ಒಳ್ಳೆಯ ಯುವ ಆಟಗಾರ ಸಿಗುವುದಾದರೆ ಕೊಡಬೇಕು. ಬರೀ ಪಿಕ್‌ಗಳಿಗೆ ಕೊಡಬಾರದು. ಪಿಕ್ ಅವರ ಹತ್ತಿರ ಬೇಕಾದಷ್ಟಿವೆ.

ಪ್ರಶ್ನೆ: ನಮ್ಮ ಸಮಯಕ್ಕೆ ಆಟ ಎಷ್ಟು ಗಂಟೆಗೆ? — ಬೀದರ್

ಮೊದಲ ಪಂದ್ಯ ಕ್ಲಿಪ್ಪರ್ಸ್ ವಿರುದ್ಧ, ನಮಗೆ ಅಕ್ಟೋಬರ್ 23ರ ಬೆಳಿಗ್ಗೆ 6.30ಕ್ಕೆ. ಅವರ ಊರಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯಗಳು ನವೆಂಬರ್ 2ರ ನಂತರ ನಮಗೆ 7.30ಕ್ಕೆ ಬರುತ್ತವೆ. ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅದಕ್ಕೆ.

ಪ್ರಶ್ನೆ: ನಾನು ಪ್ರೌಢಶಾಲೆಯ ಪಿ.ಟಿ. ಶಿಕ್ಷಕಿ. ನಮ್ಮದು ಸಿಮೆಂಟ್ ಅಂಗಳ, ಒಂದೇ ರಿಂಗ್. ಸೋಲುವ ಈ ತಂಡದ ಆಟದಿಂದ ಮಕ್ಕಳಿಗೆ ಏನು ತೋರಿಸಲಿ? — ಯಾದಗಿರಿ

ಮೇಡಂ, ಇಬ್ಬರನ್ನು ತೋರಿಸಿ. ಮೊದಲನೆಯವನು ವಾಕರ್ ಕೆಸ್ಲರ್. ಕಳೆದ ಸಲ ಪಂದ್ಯಕ್ಕೆ 12.2 ರಿಬೌಂಡ್, 2.4 ಬ್ಲಾಕ್ (ಎದುರಾಳಿಯ ಶಾಟ್ ತಡೆಯೋದು). ಶಾಟ್ ಎದ್ದ ಕ್ಷಣ ಎಲ್ಲರ ಕಣ್ಣೂ ಚೆಂಡಿನ ಮೇಲೆ. ಇವನು ಮೊದಲು ಎದುರಾಳಿಯನ್ನು ಹುಡುಕುತ್ತಾನೆ, ತಿರುಗಿ ಬೆನ್ನು ಕೊಡುತ್ತಾನೆ, ಮೊಣಕಾಲು ಬಗ್ಗಿಸಿ ಅಗಲವಾಗಿ ನಿಲ್ಲುತ್ತಾನೆ, ಆಮೇಲೆ ಚೆಂಡು ನೋಡುತ್ತಾನೆ. ವಿಡಿಯೊ ನಿಧಾನ ಮಾಡಿ ಅವನ ಕಾಲು ಮಾತ್ರ ತೋರಿಸಿ. ಇದಕ್ಕೆ ಒಂದೇ ರಿಂಗ್ ಸಾಕು, ಎತ್ತರವೂ ಬೇಡ.

ಎರಡನೆಯವನು ಐಸೇಯ ಕಾಲಿಯರ್. ಮೊದಲ ವರ್ಷದ ಆಟಗಾರನಾಗಿ ಜಾಝ್ ಪರ ಅತಿ ಹೆಚ್ಚು ಅಸಿಸ್ಟ್ ಮಾಡಿದ ದಾಖಲೆ ಜಾನ್ ಸ್ಟಾಕ್‌ಟನ್‌ದು ಇತ್ತು, ಕಳೆದ ಸೀಸನ್‌ನಲ್ಲಿ ಇವನು ಅದನ್ನು ಮುರಿದ. ಮೇಲಿನ ಕಲಬುರಗಿಯ ಓದುಗರಿಗೂ ಇದು ಖುಷಿಯ ಸುದ್ದಿ. ಇವನ ದೂರದ ಶಾಟ್ ಮಾತ್ರ ಕೆಟ್ಟದು, ಅದನ್ನು ತೋರಿಸಬೇಡಿ.