ಅಜ್ಜನ ಮನೆ ಅಂಗಳದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸಿದರೆ ಏನು ಸಿಗುತ್ತದೆ?

ನೀವು ಕೇಳಿರುವುದು ಇಷ್ಟು: ವಿರಾಜಪೇಟೆ ಹತ್ತಿರ ಅಜ್ಜನ ಮನೆ ಇದೆ, ನೂರು ವರ್ಷಕ್ಕೂ ಹಳೆಯದು. ಅಂಗಳದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದರೆ ಹಳೆ ನಾಣ್ಯ ಗಿಣ್ಯ ಸಿಗುತ್ತಾ, ಕಾನೂನಿನ ಕಿರಿಕಿರಿ ಏನಾದರೂ ಇದೆಯಾ ಅಂತ.

ಸಿಗುತ್ತದೆ. ಆದರೆ ಮೊದಲ ದಿನ ನಿಮಗೆ ಸಿಗುವುದು ಕಾಡತೂಸಿನ ಹಿತ್ತಾಳೆ ತಳ.

ನಾನು ಸೋಮವಾರಪೇಟೆ ಕಡೆಯವನು. ನಾಲ್ಕು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಂಡೆ. ನಮ್ಮ ಮನೆ, ಚಿಕ್ಕಮ್ಮನ ಮನೆ, ದಕ್ಷಿಣ ಕೊಡಗಿನ ಗೆಳೆಯನೊಬ್ಬನ ಐನ್‌ಮನೆ (ಕೊಡವ ಮನೆತನದ ಮೂಲ ಮನೆ), ಹೀಗೆ ಮೂರು ಅಂಗಳ ಜಾಲಾಡಿದ್ದೇನೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಇನ್ನೊಂದು. ಅದೆಲ್ಲ ಎಲ್ಲಿ ಬೀಳಬೇಕು? ಗೆಳೆಯನ ಮನೆಯಲ್ಲಿ ಒಂದೇ ಬೆಳಗ್ಗೆ 23 ತಳ ಎದ್ದವು. "ಇದು ನಮ್ಮ ಮನೆತನದ ಜನನ ಮರಣ ರಿಜಿಸ್ಟರ್" ಅಂತ ಅವನು ನಕ್ಕ. ಒಂದು ಮಾತು: ಸಿಡಿಯದೆ ಉಳಿದ ಕಾಡತೂಸು ಸಿಕ್ಕಿದರೆ ಕುಟ್ಟಬೇಡಿ, ಒಲೆ ಹತ್ತಿರ ಇಡಬೇಡಿ. ಪೊಲೀಸರಿಗೆ ತಿಳಿಸಿ.

ಮೆಷಿನ್ ಕೆಲಸ ಮಾಡುವ ರೀತಿ ಸರಳ. ಕೆಳಗಿನ ಕಾಯಿಲ್ ಮಣ್ಣಿಗೆ ಕಾಂತಕ್ಷೇತ್ರ ಬಿಡುತ್ತದೆ. ಲೋಹ ಇದ್ದರೆ ಅದರೊಳಗೆ ಸಣ್ಣ ಕರೆಂಟ್ ಸುತ್ತಿ ಉತ್ತರ ಬರುತ್ತದೆ. ಆ ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಕಬ್ಬಿಣವೋ ತಾಮ್ರವೋ ಅಂತ ಅಂದಾಜು ಮಾಡಿ ಒಂದು ನಂಬರ್ ತೋರಿಸುತ್ತದೆ. ನಮ್ಮ ಕಷ್ಟ ಏನೆಂದರೆ, ಕೊಡಗಿನ ಕೆಂಪು ಮಣ್ಣಲ್ಲೇ ಕಬ್ಬಿಣ ಇದೆ. ಜಂಬಿಟ್ಟಿಗೆ ತುಂಡುಗಳಂತೂ ತಾವೇ ನಾಣ್ಯ ಅನ್ನುವ ಹಾಗೆ ಕೂಗುತ್ತವೆ. ನನ್ನದು 6.5 ಕಿಲೋಹರ್ಟ್ಸ್‌ನ ಮೆಷಿನ್, ಅದರ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನ ಕಬ್ಬಿಣದ ಗಲಾಟೆಯನ್ನು ಅಡಗಿಸುವ ಹೊಂದಾಣಿಕೆ, ಫ್ಯಾಕ್ಟರಿಯಲ್ಲೇ ಕೂರಿಸಿದ್ದು, ನಾವು ಬದಲಿಸುವ ಹಾಗಿಲ್ಲ. ಒಳ್ಳೆ ಮಣ್ಣಲ್ಲಿ ಒಂದು ಗೇಣು ಆಳದ ನಾಣ್ಯ ಹಿಡಿಯಬೇಕಾದದ್ದು ಇಲ್ಲಿ ಅರ್ಧ ಗೇಣಿಗೆ ಸುಸ್ತಾಗುತ್ತದೆ. ನೀವು ಕೊಳ್ಳುವುದಾದರೆ ಗ್ರೌಂಡ್ ಬ್ಯಾಲೆನ್ಸ್ ಕೈಯಲ್ಲೇ ಹೊಂದಿಸಬಹುದಾದದ್ದನ್ನೇ ಕೊಳ್ಳಿ. ಉಳಿದ ಫೀಚರ್‌ಗಳಿಗೆ ಜಾಸ್ತಿ ದುಡ್ಡು ಸುರಿಯುವ ಅಗತ್ಯ ಇಲ್ಲ.

ಚಿನ್ನದ ಸಣ್ಣ ಓಲೆ, ಮಾತ್ರೆ ಪಟ್ಟಿಯ ಫಾಯಿಲ್ ಎರಡೂ ಹೆಚ್ಚುಕಡಿಮೆ ಒಂದೇ ನಂಬರ್ ತೋರಿಸುತ್ತವೆ. ಕಸ ಬೇಡ ಅಂತ ಆ ನಂಬರನ್ನು ಮುಚ್ಚಿಸಿದರೆ ಓಲೆಯೂ ಹೋಯಿತು. ನಮ್ಮ ಅಜ್ಜಿಯ ಒಂದು ಬೆಂಡೋಲೆ ಭತ್ತ ಬಡಿಯುವಾಗ ಕಣದಲ್ಲಿ ಬಿದ್ದದ್ದು ಇನ್ನೂ ಸಿಕ್ಕಿಲ್ಲ. ಹಾಗಾಗಿ ನಾನು ಪ್ರತಿ ಫಾಯಿಲನ್ನೂ ಅಗೆಯುತ್ತೇನೆ. ಮನೆಯವರು ಯಾವ ಕಾಲದಲ್ಲಿ ಯಾವ ಮಾತ್ರೆ ನುಂಗಿದರು ಅಂತ ಈಗ ನನಗೆ ಚೆನ್ನಾಗಿ ಗೊತ್ತು.

ಎಲ್ಲಿ ಹುಡುಕಬೇಕು ಅನ್ನುವುದನ್ನು ಮೆಷಿನ್ ಹೇಳುವುದಿಲ್ಲ. ವಯಸ್ಸಾದವರು ಹೇಳುತ್ತಾರೆ. ಅಂಗಳ ಪೂರ್ತಿ ಸುಮ್ನೆ ಗುಡಿಸಿದ ಹಾಗೆ ಓಡಾಡಬೇಡಿ. ಬಟವಾಡೆ ಎಲ್ಲಿ ಕೊಡುತ್ತಿದ್ದರು, ಬಟ್ಟೆ ಒಗೆಯುವ ಕಲ್ಲು ಎಲ್ಲಿತ್ತು, ಗಾಡಿ ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿ. ಅಜ್ಜಿ ತೋರಿಸಿದ ಹಲಸಿನ ಮರದ ಬುಡದಲ್ಲಿ ಶನಿವಾರದ ಬಟವಾಡೆ ಆಗುತ್ತಿತ್ತಂತೆ. ಅಲ್ಲಿ ಎರಡು ಮಾರು ಜಾಗದಲ್ಲಿ ಒಂಬತ್ತು ನಾಣ್ಯ ಸಿಕ್ಕವು. ಅದರಲ್ಲಿ ಮೂರು, ನಡುವೆ ತೂತಿರುವ ಕಾಸು, 1943ರಿಂದ 47ರವರೆಗೆ ಟಂಕಿಸಿದ್ದು, ರೂಪಾಯಿಗೆ 64. ಅಜ್ಜಿ ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು, "ಇದು ನನ್ನ ಉಡಿದಾರದಲ್ಲಿತ್ತು ಕಣೋ" ಅಂದರು. ಗಾಡಿ ನಿಲ್ಲುವ ಜಾಗದಲ್ಲಿ ಎತ್ತಿನ ಲಾಳ ರಾಶಿ ಬಿದ್ದಿತ್ತು. ಗೊರಸು ಎರಡು ಸೀಳು ಅಲ್ವಾ, ಹಾಗಾಗಿ ಲಾಳವೂ ಎರಡೆರಡು ತುಂಡು. ಮೊದಲು ಯಾವುದೋ ಆಯುಧ ಅಂದುಕೊಂಡು ಕುಣಿದಿದ್ದೆ.

ಅತಿ ಹಳೆಯದು ಸಿಕ್ಕಿದ್ದು ಚಿಕ್ಕಮ್ಮನ ಮನೆ ಮೆಟ್ಟಿಲ ಪಕ್ಕ, ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ. ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ನುಂಗಿದ್ದು 1834ರಲ್ಲಿ, ಅದರ ಮರುವರ್ಷದ ಇಸವಿ. ನಾನು ಮಾಡಿದ ದಡ್ಡತನ ಕೇಳಿ: ಹುಣಸೆಹಣ್ಣು ಹಾಕಿ ದೇವರ ದೀಪದ ಹಾಗೆ ಉಜ್ಜಿದೆ. ಫಳಫಳ ಹೊಳೆಯಿತು, ಕಂಪನಿಯ ಸಿಂಹಗಳ ಮುಖ ಮಾತ್ರ ಹೋಯಿತು. ನೀರಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಲ್ಲಿ ಮಣ್ಣು ತೆಗೆಯಿರಿ, ಅಷ್ಟು ಸಾಕು. ಅಂದಹಾಗೆ ಇದು ಅಪರೂಪದ ನಾಣ್ಯವೇನಲ್ಲ. ಯೂಟ್ಯೂಬ್‌ನವರು ಹೇಳುವ ಲಕ್ಷದ ಕಥೆ ನಂಬಬೇಡಿ.

ಕಾನೂನಿಗೆ ಬರೋಣ. ಜಾಗ ನಿಮ್ಮದಾದರೂ ನೆಲದಲ್ಲಿ ಹುದುಗಿಸಿಟ್ಟ ನಿಧಿ ಸುಮ್ನೆ ನಿಮ್ಮದಾಗುವುದಿಲ್ಲ. 1878ರ ನಿಧಿ ಕಾಯ್ದೆಯಲ್ಲಿ ಮಿತಿ ಬರೀ ಹತ್ತು ರೂಪಾಯಿ, ಬೆಲೆ ಅದನ್ನು ದಾಟಿದರೆ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಕುಡಿಕೆ, ಗಂಟು, ವಿಗ್ರಹ ಏನೇ ಕಂಡರೂ ಅಗೆಯುವುದು ನಿಲ್ಲಿಸಿ, ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ನೂರು ವರ್ಷ ದಾಟಿದ್ದು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಅಂಗಳ ಬಿಟ್ಟು ಆಚೆ ಹೋಗಬೇಡಿ. ದೇವರಕಾಡು, ಕೈಮಡ (ಹಿರಿಯರ ಗುಡಿ), ಹಳೆ ಕಡಂಗ (ಯುದ್ಧಕಾಲದ ಕಂದಕ), ನಮ್ಮ ಮೋರಿಬೆಟ್ಟದ ಕಲ್ಲುಗೋರಿಗಳು, ಇವು ಯಾವುದರ ಹತ್ತಿರವೂ ಮೆಷಿನ್ ಬೇಡ.

ಕಾನೂನಿಗಿಂತ ಬೇಗ ಬರುವುದು ಊರವರ ಮಾತು. ಇಲ್ಲಿ ನೆಲ ಅಗೆಯುವವನು ಅಂದರೆ ನಿಧಿಗಳ್ಳ, ಅವನ ಹಿಂದೆ ಒಬ್ಬ ಮಂತ್ರವಾದಿ ಅಂತಲೇ ಲೆಕ್ಕ. ನಿಧಿಗಾಗಿ ವಾಮಾಚಾರ ಮಾಡುವುದನ್ನು ತಡೆಯಲು 2017ರಲ್ಲಿ ಕಾಯ್ದೆಯನ್ನೇ ತಂದಿದ್ದಾರೆ. ಆದ್ದರಿಂದ ಹಗಲಲ್ಲೇ ಮಾಡಿ. ಮನೆಯ ಎಲ್ಲ ಪಾಲುದಾರರನ್ನು ಮೊದಲೇ ಕೇಳಿ. ಪಕ್ಕದ ಮನೆ ಮಕ್ಕಳ ಕೈಗೆ ಮೆಷಿನ್ ಕೊಡಿ, ಅರ್ಧ ಊರಿನ ಅನುಮಾನ ಅಲ್ಲೇ ಹೋಗುತ್ತದೆ. ಗುಂಡಿ ಕೈಯಗಲ ಇರಲಿ, ತೆಗೆದ ಮಣ್ಣನ್ನು ಪ್ಲಾಸ್ಟಿಕ್ ಹಾಳೆ ಮೇಲೆ ಹಾಕಿ ಅಲ್ಲೇ ಮುಚ್ಚಿ. ಕಾಫಿ ಗಿಡದ ಬುಡ ಮುಟ್ಟಬೇಡಿ, ಅದರ ಬೇರು ಹೆಚ್ಚಾಗಿ ಮೇಲ್ಮಣ್ಣಲ್ಲೇ ಇರುತ್ತದೆ.

ಒಳ್ಳೆ ಸಮಯ ಅಂದರೆ ಮಾರ್ಚ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮೇಲೆ ಎರಡು ಮೂರು ದಿನ. ಮಣ್ಣು ಮೆತ್ತಗಿರುತ್ತದೆ, ಸಿಗ್ನಲ್ಲೂ ಚೆನ್ನಾಗಿ ಬರುತ್ತದೆ. ಆನೆಗೆ ಹಾಕಿದ ಸೋಲಾರ್ ಬೇಲಿ ಹತ್ತಿರದಲ್ಲಿದ್ದರೆ ಮೆಷಿನ್ ಸುಮ್ಮಸುಮ್ಮನೆ ಟಿಕ್ ಟಿಕ್ ಅನ್ನುತ್ತದೆ. ಆಗ ಬೇಲಿ ಆಫ್ ಮಾಡಿಸಿ. ಸಂಜೆ ಮತ್ತೆ ಆನ್ ಮಾಡುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತೆ. ಬೆಳಗ್ಗೆ ಎದ್ದಾಗ ಚಿಕ್ಕಮ್ಮನ ಬಾಳೆ ಒಂದೂ ನಿಂತಿರಲಿಲ್ಲ. ಆ ಕಾಲಾಣೆ ಮಾರಿ ಬಾಳೆ ದುಡ್ಡು ಕೊಡು ಅಂತ ಅವರು ಈಗಲೂ ಕೇಳುತ್ತಾರೆ.