ಈಜುಕೊಳ ಹುಡುಕುವ ಮಾದರಿ ಯಾರಿಗೆ ಬೇಕು?

ವಿಮಾನ, ಉಪಗ್ರಹಗಳಿಂದ ತೆಗೆದ ಚಿತ್ರಗಳಲ್ಲಿ ಈಜುಕೊಳವನ್ನು ತಾನೇ ಗುರುತಿಸುವ ಕಂಪ್ಯೂಟರ್ ಮಾದರಿಯ (AI) ಪ್ರಾಜೆಕ್ಟ್ ಮಾಡಿದರೆ ಯಾರಿಗಾದರೂ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

ಫ್ರಾನ್ಸ್‌ನಲ್ಲಿ ಮನೆಗೆ ಕೊಳ ಕಟ್ಟಿಸಿದರೆ ಆಸ್ತಿ ತೆರಿಗೆ ಏರುತ್ತದೆ. ಹಾಗಾಗಿ ಎಷ್ಟೋ ಜನ ಹೇಳುವುದೇ ಇಲ್ಲ. ಅಲ್ಲಿನ ತೆರಿಗೆ ಇಲಾಖೆ 2021ರಲ್ಲಿ ಗೂಗಲ್ ಮತ್ತು ಕ್ಯಾಪ್‌ಜೆಮಿನಿ ಎಂಬ ಐಟಿ ಕಂಪನಿಯ ನೆರವಿನಿಂದ 9 ಜಿಲ್ಲೆಗಳಲ್ಲಿ ಇಂಥದೇ ಮಾದರಿಯಿಂದ ಕೊಳ ಹುಡುಕುವ ಪ್ರಯೋಗ ನಡೆಸಿತು. ಲೆಕ್ಕಕ್ಕೆ ಬಾರದ 20,000ಕ್ಕೂ ಹೆಚ್ಚು ಕೊಳ ಸಿಕ್ಕವು, ಸುಮಾರು 1 ಕೋಟಿ ಯೂರೋ ತೆರಿಗೆ ಬಂತು. ಆದರೆ ಶುರುವಿನಲ್ಲಿ ಮಾದರಿಯು ಸೋಲಾರ್ ಫಲಕಗಳನ್ನೂ ಕೊಳ ಅಂದುಕೊಂಡಿದ್ದಕ್ಕೆ ಟೀಕೆ ಬಂತು. ನೋಟಿಸ್ ಕಳಿಸುವ ಮುಂಚೆ ಮನುಷ್ಯರೊಬ್ಬರು ಚಿತ್ರ ನೋಡಲೇಬೇಕು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಸೊಳ್ಳೆ ವಿಷಯ. 2007ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಸುತ್ತ ಸಾಲ ಕಟ್ಟಲಾಗದೆ ಜನ ಮನೆ ಬಿಟ್ಟುಹೋದರು. ಕೊಳಗಳ ನೀರು ಪಾಚಿಗಟ್ಟಿ ಸೊಳ್ಳೆ ಹೆಚ್ಚಿತು, ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ಜ್ವರವೂ ಜಾಸ್ತಿಯಾಯಿತು. ಅಂಥ ಹಸಿರು ಕೊಳಗಳು ಮೇಲಿನ ಚಿತ್ರದಲ್ಲಿ ಎದ್ದು ಕಾಣುತ್ತವೆ. ಆರೋಗ್ಯ ಸಿಬ್ಬಂದಿ ಮನೆಮನೆ ಸುತ್ತುವ ಬದಲು ನೇರ ಅಲ್ಲಿಗೇ ಹೋಗಬಹುದು. ದಯವಿಟ್ಟು ನೀಲಿ ಕೊಳ, ಹಸಿರು ಕೊಳ ಎರಡಕ್ಕೂ ಬೇರೆ ಲೇಬಲ್ ಕೊಡಿ.

ಕಾಡ್ಗಿಚ್ಚಿನ ಸೀಮೆಯಲ್ಲಿ ಅಗ್ನಿಶಾಮಕ ದಳಕ್ಕೂ ಹತ್ತಿರದ ನೀರು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮಾದರಿ ಮೋಸ ಹೋಗದಂತೆ ನೀಲಿ ಟಾರ್ಪಾಲು, ನೀಲಿ ಶೀಟಿನ ಚಾವಣಿಗಳ ಚಿತ್ರಗಳನ್ನು 'ಕೊಳ ಅಲ್ಲ' ಅಂತ ಅದರ ತರಬೇತಿಗೆ ಧಾರಾಳವಾಗಿ ಸೇರಿಸಿ. ಇನ್‌ಫ್ರಾರೆಡ್ ಬ್ಯಾಂಡ್ (ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದ ಚಿತ್ರ) ಸಿಕ್ಕರೆ ಬಿಡಬೇಡಿ, ಅದರಲ್ಲಿ ತಿಳಿನೀರು ಕಪ್ಪಗೆ ಕಾಣುತ್ತದೆ.